ಕ್ವಿಜ್ ಕೈಕೊಟ್ಟಾಗ: ಮೊದಲು ಎದ್ದ ಕೈಗಳನ್ನು ಎಣಿಸಿ

ತರಗತಿಯಲ್ಲಿ ಆನ್‌ಲೈನ್ ಕ್ವಿಜ್. ಪರದೆ ಮೇಲೆ ಪಿನ್, ಅಂದರೆ ಆಟಕ್ಕೆ ಸೇರುವ ಸಂಖ್ಯೆ, ಬಂತು. 40 ಮಕ್ಕಳು ಫೋನು, ಟ್ಯಾಬು ಹಿಡಿದು ಕೂತರು. 15 ಹೆಸರುಗಳು ಪಟಪಟ ಅಂತ ಮೂಡಿದವು. ಆಮೇಲೆ ಏನೂ ಇಲ್ಲ. "ಮಿಸ್, ನಂದು ಓಪನ್ ಆಗ್ತಿಲ್ಲ", "ಮಿಸ್, ಸುತ್ತುತ್ತಾನೇ ಇದೆ", "ಮಿಸ್, ನನ್ನ ಹೆಸರು ಹೋಯ್ತು". ನೀವು ಒಬ್ಬೊಬ್ಬರ ಬೆಂಚಿಗೆ ಓಡಿ ಫೋನು ನೋಡುವಷ್ಟರಲ್ಲಿ ಹತ್ತು ನಿಮಿಷ ಕಳೆದಿರುತ್ತದೆ. ಒಳಗೆ ಬಂದ 15 ಜನಕ್ಕೆ ಬೇಜಾರು, ಬರದ 25 ಜನಕ್ಕೆ ಸಿಟ್ಟು.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಬೈಯುವುದು ನೆಟ್ಟನ್ನು. ನಾನೂ ಬಹಳ ದಿನ ಅದನ್ನೇ ಮಾಡಿದೆ. ಈಗ ಬೆಂಚಿಗೆ ಓಡುವುದಿಲ್ಲ, ನಿಂತಲ್ಲೇ ಒಂದು ಮಾತು ಕೇಳುತ್ತೇನೆ: "ಯಾರದ್ದು ಆಗಿಲ್ಲವೋ ಕೈ ಎತ್ತಿ." ಒಂದೋ ಎರಡೋ ಕೈ ಎದ್ದರೆ ತೊಂದರೆ ಆ ಫೋನಿನದು. ಅರ್ಧ ತರಗತಿ ಎತ್ತಿದರೆ ವೈಫೈ ಅಥವಾ ಖಾತೆಯ ಮಿತಿ. ಎಲ್ಲರೂ ಎತ್ತಿದರೆ ನಿಮ್ಮ ಕಡೆಯದು, ಇಲ್ಲವೇ ಕಟ್ಟಡದ ನೆಟ್‌ವರ್ಕಿನದು. ಇನ್ನು ಒಂದೂ ಕೈ ಏಳಲಿಲ್ಲ, ಆದರೂ ತರಗತಿ ಸಪ್ಪೆ ಅಂದರೆ ತೊಂದರೆ ಪ್ರಶ್ನೆಯಲ್ಲಿದೆ. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟದ್ದು. ಅಲ್ಲಿ ಯಾವ ಯಂತ್ರವೂ ಕೆಂಪು ಅಕ್ಷರದಲ್ಲಿ ತಪ್ಪು ತೋರಿಸುವುದಿಲ್ಲ.

ಒಂದೆರಡು ಕೈ ಎದ್ದರೆ

ತರಗತಿ ನಿಲ್ಲಿಸಬೇಡಿ. ಆ ಮಗುವನ್ನು ಪಕ್ಕದವರ ಜೊತೆ ಸೇರಿಸಿ, ಕ್ವಿಜ್ ಶುರು ಮಾಡಿ. ಕಾರಣ ಹುಡುಕುವುದು ಆಮೇಲೆ.

ಸಾಮಾನ್ಯವಾಗಿ ಸಿಗುವ ಕಾರಣಗಳು ಸಣ್ಣವೇ. ಪಿನ್ ಅನ್ನು ಹುಡುಕಾಟದ ಪೆಟ್ಟಿಗೆಯಲ್ಲಿ ಟೈಪ್ ಮಾಡಿರುತ್ತಾರೆ. ಇಲ್ಲವೇ ಹಿಂದಿನ ಸಲದ ಪಿನ್ ಹಾಕಿರುತ್ತಾರೆ. ಕಹೂಟ್ ಅನ್ನುವ ಕ್ವಿಜ್ ಸೈಟಿನಲ್ಲಿ ಪ್ರತಿ ಸಲ ಆಟ ಶುರು ಮಾಡಿದಾಗಲೂ ಹೊಸ ಪಿನ್ ಹುಟ್ಟುತ್ತದೆ, ನಿನ್ನೆ ತೆಗೆದಿಟ್ಟುಕೊಂಡ ಫೋಟೋ ಕೆಲಸಕ್ಕೆ ಬರುವುದಿಲ್ಲ. ಕ್ವಿಜಿಜ್ ಅನ್ನುವ ಇನ್ನೊಂದು ಕ್ವಿಜ್ ಸೈಟು 2025ರಲ್ಲಿ ವೇಗ್ರೌಂಡ್ ಅಂತ ಹೆಸರು ಬದಲಿಸಿಕೊಂಡಿತು. ಬೇರೆ ಯಾವುದೋ ಸೈಟಿಗೆ ಬಂದುಬಿಟ್ಟೆ ಅಂತ ಗಾಬರಿಯಾಗಿ ಮುಚ್ಚಿದ ಮಕ್ಕಳನ್ನೂ ನೋಡಿದ್ದೇನೆ.

ರಜೆ ಮುಗಿಸಿ ಕಪಾಟಿನಿಂದ ಹೊರಬಂದ ಟ್ಯಾಬುಗಳ ಕತೆಯೇ ಬೇರೆ. ಬ್ಯಾಟರಿ ಪೂರ್ತಿ ಖಾಲಿಯಾಗಿ ಅದರ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ. ಸೈಟು ಅಸಲಿ ಅಂತ ಬ್ರೌಸರಿಗೆ ತೋರಿಸುವ ಭದ್ರತಾ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಟ್ಯಾಬಿನ ಲೆಕ್ಕದಲ್ಲಿ ಆ ಅವಧಿ ಇನ್ನೂ ಶುರುವೇ ಆಗಿಲ್ಲ. ಹಾಗಾಗಿ ಬ್ರೌಸರ್ "ಸಂಪರ್ಕ ಸುರಕ್ಷಿತವಲ್ಲ" ಅಂತ ಬಾಗಿಲು ಹಾಕುತ್ತದೆ. ದಿನಾಂಕ ಸರಿಮಾಡಿದರೆ ಮುಗಿಯಿತು. ಇದು ಗೊತ್ತಿಲ್ಲದೆ ನಾನೊಮ್ಮೆ ಬ್ರೌಸರನ್ನೇ ತೆಗೆದು ಮತ್ತೆ ಹಾಕಿಸಿದ್ದೆ.

ಒಳಗೆ ಬಂದವರು ನಡುವೆ ಬಿದ್ದುಹೋಗುವುದು ಇನ್ನೊಂದು ಬಗೆ. ಅವರ ಫೋನಿನ ಪರದೆ ಮಲಗಿದೆಯಾ ನೋಡಿ. ಪರದೆ ಆರಿದಾಗ ಸಂಪರ್ಕ ಕಡಿದುಹೋಗುವುದುಂಟು. ಪುಟವನ್ನು ಮತ್ತೆ ಲೋಡ್ ಮಾಡಿ ನೋಡಿ. ಆಗಲಿಲ್ಲ ಅಂದರೆ ಅದೇ ಹೆಸರಿನಲ್ಲಿ ಮತ್ತೆ ಸೇರಲಿ. ಪರದೆ ಆರುವ ಸಮಯವನ್ನು ಐದು ನಿಮಿಷಕ್ಕೆ ಹೆಚ್ಚಿಸಿದರೆ ಈ ಕಾಟ ಬಹುಪಾಲು ನಿಲ್ಲುತ್ತದೆ.

ಅರ್ಧ ತರಗತಿ ಕೈ ಎತ್ತಿದರೆ

ಇಲ್ಲಿ ಒಂದು ಒಳ್ಳೆಯ ಸುಳಿವಿದೆ. ಎಷ್ಟನೇ ಮಗುವಿಗೆ ನಿಂತಿತು ಅಂತ ಬರೆದಿಟ್ಟುಕೊಳ್ಳಿ. ಆಟ ಮುಚ್ಚಿ, ಮತ್ತೆ ತೆರೆಯಿರಿ. ಎರಡನೇ ಸಲವೂ ಸರಿಯಾಗಿ ಅದೇ ಸಂಖ್ಯೆಗೆ ನಿಂತರೆ ಅದು ಖಾತೆಯ ಮಿತಿ. ಉಚಿತ ಖಾತೆಗಳಲ್ಲಿ ಇಷ್ಟೇ ಜನ ಅಂತ ಲೆಕ್ಕ ಇರುತ್ತದೆ, ಆ ಲೆಕ್ಕವನ್ನು ಕಂಪನಿಗಳು ಆಗಾಗ ಬದಲಿಸುತ್ತಾ ಇರುತ್ತವೆ. ಹೋದ ವರ್ಷ ಸರಿಯಾಗಿ ನಡೆದಿದ್ದ ಕ್ವಿಜ್ ಈ ವರ್ಷ ನಿಲ್ಲುವುದಕ್ಕೆ ಇದೇ ಕಾರಣ ಇರಬಹುದು. ಮಕ್ಕಳನ್ನು ಇಬ್ಬಿಬ್ಬರಾಗಿ, ಮಿತಿ ಇನ್ನೂ ಕಡಿಮೆಯಿದ್ದರೆ ಮೂವರಾಗಿ, ಸೇರಿಸಿ ಒಂದೊಂದು ಫೋನು ಕೊಡಿ, ಮಿತಿಯ ಒಳಗೆ ಬರುತ್ತೀರಿ. ನನ್ನ ಮಟ್ಟಿಗೆ ಇಬ್ಬರಿಗೆ ಒಂದು ಫೋನು ಅನ್ನುವುದೇ ಒಳ್ಳೆಯ ಕ್ರಮ, ಯಾಕೆಂದರೆ ಒತ್ತುವ ಮೊದಲು ಅವರಿಬ್ಬರೂ ಜಗಳವಾಡಲೇಬೇಕು.

ಸಂಖ್ಯೆ ಪ್ರತಿ ಸಲ ಬದಲಾಗುತ್ತಿದ್ದರೆ ವೈಫೈ ಕಡೆ ನೋಡಿ. ಮೊಬೈಲ್ ಡೇಟಾ ಇರುವವರು ವೈಫೈ ಆರಿಸಿ ಬರಲಿ. ಅವರು ಸಲೀಸಾಗಿ ಒಳಗೆ ಬಂದರೆ ಅನುಮಾನ ಪಕ್ಕಾ ಆಯಿತು. ಇನ್ನು ಫೋನಿನಲ್ಲಿ ಏನು ಕಾಣುತ್ತಿದೆ ಅಂತ ಕೇಳಿ. "ಐಪಿ ವಿಳಾಸ ಪಡೆಯಲಾಗುತ್ತಿದೆ" ಅಂತ ಹೇಳುತ್ತಾ ನಿಂತಿದ್ದರೆ ರೌಟರ್ ಬಳಿ ಹಂಚಲು ವಿಳಾಸ ಉಳಿದಿಲ್ಲದಿರಬಹುದು. ಐಪಿ ವಿಳಾಸ ಅಂದರೆ ಜಾಲಕ್ಕೆ ಸೇರಿದ ಪ್ರತಿ ಫೋನಿಗೂ ರೌಟರ್ ಕೊಡುವ ಸಂಖ್ಯೆ. ಸಾಮಾನ್ಯ ಹೊಂದಿಕೆಯಲ್ಲಿ ಒಂದು ಜಾಲಕ್ಕೆ ಹೆಚ್ಚೆಂದರೆ 254 ವಿಳಾಸ. ಎಷ್ಟೋ ರೌಟರ್‌ಗಳು ಅದರಲ್ಲಿ ಒಂದು ಭಾಗವನ್ನಷ್ಟೇ ಹಂಚುತ್ತವೆ. ನಿಮ್ಮ 40 ಮಕ್ಕಳಿಗೆ ಅದು ಧಾರಾಳ ಅನ್ನಿಸುತ್ತದೆ, ಅಲ್ವಾ? ಆದರೆ ಬೆಳಿಗ್ಗೆಯಿಂದ ಬಂದುಹೋದ ಬೇರೆ ತರಗತಿಗಳ ಫೋನುಗಳೂ ಒಂದೊಂದು ವಿಳಾಸವನ್ನು ಹಿಡಿದಿಟ್ಟುಕೊಂಡಿರುತ್ತವೆ, ಕೆಲವು ಕಡೆ ಪೂರ್ತಿ 24 ಗಂಟೆ. ಬೆಳಿಗ್ಗೆ ಚೆನ್ನಾಗಿರುವ ಕ್ವಿಜ್ ಮಧ್ಯಾಹ್ನ ಕೆಡುವ ಗುಟ್ಟು ಇದು. ಆ ಅವಧಿಯನ್ನು ಒಂದು ಗಂಟೆಗೆ ಇಳಿಸಲು ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಹೇಳಿ.

ವೈಫೈ ಸೇರಿದ್ದಾರೆ, ಪುಟ ಮಾತ್ರ ತೆರೆಯುತ್ತಿಲ್ಲ ಅಂದರೆ ವೈಫೈನದೇ ಲಾಗಿನ್ ಪುಟ ತುಂಬುವುದು ಬಾಕಿ ಇರಬಹುದು. ಅದೂ ಅಲ್ಲದಿದ್ದರೆ ಗುದ್ದಾಟ. 40 ಫೋನು ಒಂದೇ ಕ್ಷಣದಲ್ಲಿ ಒಂದೇ ವೈಫೈ ಪೆಟ್ಟಿಗೆಯ ಮೇಲೆ ಬಿದ್ದರೆ ಅದು ತಡಬಡಿಸುತ್ತದೆ. ವೈಫೈ ಓಡುವುದು ಮುಖ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಅಲೆಗಳಲ್ಲಿ. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು, ಅಂದರೆ ದಾರಿಗಳು, ಮೂರೇ, 1, 6 ಮತ್ತು 11. ಪಕ್ಕದ ಕೋಣೆಯ ಪೆಟ್ಟಿಗೆಯೂ ಅದೇ ಚಾನೆಲ್‌ನಲ್ಲಿದ್ದರೆ ಎರಡೂ ಸರದಿ ಕಾಯಬೇಕು. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಜಾಸ್ತಿ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ನಿಮ್ಮ ಕೈಯಲ್ಲಿರುವ ಉಪಾಯ ಸರಳ: ಸಾಲು ಸಾಲಾಗಿ ಸೇರಿಸಿ. ಮೊದಲ ಎರಡು ಬೆಂಚು, ಆಮೇಲೆ ಮುಂದಿನ ಎರಡು.

"ನನ್ನ ಹಾಟ್‌ಸ್ಪಾಟ್ ಆನ್ ಮಾಡ್ತೀನಿ ತಡೀರಿ" ಅನ್ನಬೇಡಿ. ಸಾಮಾನ್ಯ ಫೋನಿನ ಹಾಟ್‌ಸ್ಪಾಟಿಗೆ ಎಂಟು ಹತ್ತು ಜನ ಸೇರಿದರೆ ಅಲ್ಲಿಗೆ ಮುಗಿಯಿತು. ನೆಟ್ ವೇಗವನ್ನೂ ಸುಮ್ನೆ ಬೈಯಬೇಡಿ. ಒಂದು ಉತ್ತರ ಒತ್ತಿದರೆ ಹೋಗುವುದು ಚಿಟಿಕೆಯಷ್ಟು ಡೇಟಾ. ಪ್ರಶ್ನೆಯ ಜೊತೆ ನೀವು ಅಂಟಿಸಿದ ಕುಣಿಯುವ ಚಿತ್ರವೇ ಭಾರ.

ಎಲ್ಲರೂ ಕೈ ಎತ್ತಿದರೆ

ನಿಮ್ಮ ಫೋನನ್ನು ಮೊಬೈಲ್ ಡೇಟಾಗೆ ಹಾಕಿ ಪಿನ್ ಒತ್ತಿ. ಒಳಗೆ ಹೋದರೆ ಕಟ್ಟಡದ ನೆಟ್‌ವರ್ಕ್ ತಡೆಯುತ್ತಿದೆ ಅಂತ ಅರ್ಥ. ಪುಟವೇ ತೆರೆಯದಿದ್ದರೆ ಸೈಟನ್ನೇ ನಿಲ್ಲಿಸಿದ್ದಾರೆ. ಪುಟ ತೆರೆಯುತ್ತದೆ, ಆಮೇಲೆ ಪಿನ್ ಒತ್ತಿದರೆ ಅಲ್ಲೇ ಸುತ್ತುತ್ತದೆ, ಇಲ್ಲವೇ ಹೆಸರು ಹಾಕಿದ ಮೇಲೆ ಪ್ರಶ್ನೆ ಬರುವುದೇ ಇಲ್ಲ ಅಂದರೆ ವಿಷಯ ಬೇರೆ. ಇಂಥ ಲೈವ್ ಕ್ವಿಜ್‌ಗಳಲ್ಲಿ ಫೋನು ಮತ್ತು ಸರ್ವರ್ ನಡುವೆ ಒಂದು ಸಾಲು ಸದಾ ತೆರೆದಿರಬೇಕು. ಅದಕ್ಕೆ ವೆಬ್‌ಸಾಕೆಟ್ ಅನ್ನುತ್ತಾರೆ. ಕೆಲವು ಫೈರ್‌ವಾಲ್‌ಗಳು (ನೆಟ್‌ವರ್ಕಿನ ಕಾವಲು ವ್ಯವಸ್ಥೆ) ಪುಟವನ್ನು ಬಿಟ್ಟು ಈ ಸಾಲನ್ನು ಮಾತ್ರ ಕತ್ತರಿಸುತ್ತವೆ. ದೂರು ಕೊಡುವಾಗ "ಕ್ವಿಜ್ ಬರ್ತಿಲ್ಲ" ಅಂದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. "ಈ ಸೈಟಿಗೆ 443 ಪೋರ್ಟ್‌ನಲ್ಲಿ ವೆಬ್‌ಸಾಕೆಟ್ ಬಿಡಿ" ಅನ್ನಿ, ಕೆಲಸ ಆಗುತ್ತದೆ.

ನಿಮ್ಮ ಡೇಟಾದಲ್ಲೂ ಬರಲಿಲ್ಲ ಅಂದರೆ ತಪ್ಪು ಸಾಮಾನ್ಯವಾಗಿ ನಿಮ್ಮ ಲ್ಯಾಪ್‌ಟಾಪಿನಲ್ಲಿ. ಆಟ ಶುರು ಮಾಡುವ ಬದಲು ಪ್ರಿವ್ಯೂ ತೆರೆದಿರುತ್ತೀರಿ. ಎಲ್ಲರಿಗೂ ಆಗಿದೆ, ನಾಚಿಕೆ ಬೇಡ. ಮಕ್ಕಳೆಲ್ಲ ಬಂದಿದ್ದಾರೆ, ದೊಡ್ಡ ಪರದೆ ಮೇಲೆ ಮಾತ್ರ ಏನೂ ಇಲ್ಲ ಅಂದರೆ ಪ್ರೊಜೆಕ್ಟರ್ ಎಕ್ಸ್‌ಟೆಂಡ್‌ನಲ್ಲಿದೆ, ಅಂದರೆ ಲ್ಯಾಪ್‌ಟಾಪಿನ ಪರದೆಯನ್ನೇ ತೋರಿಸದೆ ಬೇರೆ ಪರದೆಯಾಗಿದೆ. ವಿಂಡೋಸ್ ಕೀ ಜೊತೆ ಪಿ ಒತ್ತಿ ಡೂಪ್ಲಿಕೇಟ್ ಆರಿಸಿ. ಪವರ್‌ಪಾಯಿಂಟಿನ ಒಳಗೇ ಕ್ವಿಜ್ ಸೇರಿಸಿಕೊಂಡವರು ಸ್ಲೈಡು ಖಾಲಿ ಕಂಡರೆ ಮೇಲಿನ ಹಳದಿ ಪಟ್ಟಿ ನೋಡಿ. ಮೇಲ್‌ನಲ್ಲಿ ಬಂದ ಕಡತ ಪ್ರೊಟೆಕ್ಟೆಡ್ ವ್ಯೂನಲ್ಲಿ ತೆರೆದಿರುತ್ತದೆ. ಎನೇಬಲ್ ಎಡಿಟಿಂಗ್ ಒತ್ತುವವರೆಗೆ ಆಡ್‌ಇನ್, ಅಂದರೆ ಒಳಗೆ ಸೇರಿಸಿದ ಆ ಕ್ವಿಜ್ ಸಾಧನ, ಓಡುವುದಿಲ್ಲ.

ಪ್ರಶ್ನೆಯ ಕನ್ನಡ ಅಕ್ಷರಗಳ ಜಾಗದಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಂಡರೆ ಅದು ನೆಟ್ಟಿನ ತಪ್ಪಲ್ಲ. ಯೂನಿಕೋಡ್ (ಎಲ್ಲ ಕಡೆ ಒಂದೇ ರೀತಿ ಕಾಣುವ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದ್ದೀರಿ. ಯೂನಿಕೋಡ್‌ಗೆ ಬದಲಿಸಿಕೊಂಡು ಅಂಟಿಸಿ. ಮಕ್ಕಳು ಬರೆದ ಪದಗಳನ್ನು ಪರದೆ ತುಂಬ ಚೆಲ್ಲಿ ತೋರಿಸುವ ವರ್ಡ್ ಕ್ಲೌಡ್‌ನಲ್ಲಿ ಒಂದೇ ಉತ್ತರ ಮೂರು ಕಡೆ ಚೂರಾಗಿ ಕಂಡರೆ ಮಕ್ಕಳು ಅದನ್ನು ಮೂರು ರೀತಿ ಬರೆದಿದ್ದಾರೆ ಅಷ್ಟೆ. ಕಾಗುಣಿತ ಬೇರೆಯಾದರೆ ಅದರ ಲೆಕ್ಕದಲ್ಲಿ ಪದವೇ ಬೇರೆ.

ಫೋನಿಲ್ಲದ ತರಗತಿಯಲ್ಲಿ

ಪ್ಲಿಕರ್ಸ್ ಬಳಸುವವರಿಗೆ ಈ ಮೇಲಿನ ಎಷ್ಟೋ ತಲೆನೋವು ಇಲ್ಲ. ಮಕ್ಕಳ ಕೈಯಲ್ಲಿ ಕಾಗದದ ಕಾರ್ಡು, ಅದನ್ನು ಯಾವ ಕಡೆ ತಿರುಗಿಸಿ ಹಿಡಿದರೋ ಅದೇ ಉತ್ತರ. ನಿಮ್ಮ ಫೋನಿನ ಕ್ಯಾಮೆರಾ ಓದಿಕೊಳ್ಳುತ್ತದೆ. ಕೆಲವು ಕಾರ್ಡು ಓದುತ್ತಿಲ್ಲ ಅಂದರೆ ಮೂರು ಕಾರಣ: ಬೆರಳು ಚಿತ್ರದ ಮೇಲಿದೆ, ಲ್ಯಾಮಿನೇಷನ್ ಮೇಲೆ ಕಿಟಕಿಯ ಬೆಳಕು ಹೊಳೆಯುತ್ತಿದೆ, ಅಥವಾ ಹಿಂದಿನ ಬೆಂಚು ದೂರವಾಯಿತು. ಹೊಳೆಯದ ಲ್ಯಾಮಿನೇಷನ್ ಹಾಕಿಸಿ. ನೀವೇ ನಾಲ್ಕು ಹೆಜ್ಜೆ ನಡೆದರೆ ಉಳಿದದ್ದು ಸರಿಹೋಗುತ್ತದೆ.

ಒಂದೂ ಕೈ ಏಳಲಿಲ್ಲ, ಆದರೂ ಏನೋ ಸರಿಯಿಲ್ಲ

ಎಲ್ಲರೂ ಒಳಗಿದ್ದಾರೆ. ಸಂಗೀತ ಬರುತ್ತಿದೆ. ಗದ್ದಲವೂ ಇದೆ. ಆದರೆ ಮಾರನೇ ದಿನ ಅದೇ ಪ್ರಶ್ನೆ ಬೋರ್ಡಿನ ಮೇಲೆ ಬರೆದರೆ ಯಾರಿಗೂ ಬರುವುದಿಲ್ಲ. ಇದನ್ನು ದೋಷ ಅಂತ ಒಪ್ಪಿಕೊಳ್ಳುವುದಕ್ಕೇ ನನಗೆ ವರ್ಷ ಹಿಡಿಯಿತು. ಮಕ್ಕಳು ನಗುತ್ತಿದ್ದರಲ್ಲ, ಸಾಕು ಅಂದುಕೊಂಡಿದ್ದೆ.

ಮೊದಲ ಲಕ್ಷಣ: ಪ್ರಶ್ನೆ ಓದಿ ಮುಗಿಸುವ ಮೊದಲೇ ಉತ್ತರಗಳು ಬಂದುಬಿಡುತ್ತವೆ. ಕಾರಣ ಅಂಕದ ಲೆಕ್ಕದಲ್ಲಿದೆ. ಕಹೂಟ್‌ನ ಮಾಮೂಲಿ ಪ್ರಶ್ನೆಗೆ ಹೆಚ್ಚೆಂದರೆ 1000 ಅಂಕ. ಸರಿಯುತ್ತರ ತಡವಾದಷ್ಟೂ ಅಂಕ ಇಳಿಯುತ್ತದೆ, ಕೊನೆಯ ಕ್ಷಣಕ್ಕೆ ಒತ್ತಿದರೆ 500. 20 ಸೆಕೆಂಡಿನ ಪ್ರಶ್ನೆಗೆ 4ನೇ ಸೆಕೆಂಡಿನಲ್ಲಿ ಒತ್ತಿದವರಿಗೆ 900, ಲೆಕ್ಕ ಮಾಡಿ 16ನೇ ಸೆಕೆಂಡಿನಲ್ಲಿ ಒತ್ತಿದವರಿಗೆ 600. ಯೋಚಿಸಿದ್ದಕ್ಕೆ 300 ಅಂಕ ದಂಡ! ಮಕ್ಕಳು ಇದನ್ನು ಎರಡನೇ ಪ್ರಶ್ನೆಗೇ ಕಂಡುಕೊಳ್ಳುತ್ತಾರೆ. ನೆನಪಿನ ಪ್ರಶ್ನೆಗೆ ಈ ಓಟ ಪರವಾಗಿಲ್ಲ. ಯೋಚಿಸಬೇಕಾದ ಪ್ರಶ್ನೆಗೆ ಸಮಯವನ್ನು 60 ಅಥವಾ 90 ಸೆಕೆಂಡಿಗೆ ಏರಿಸಿ, ಆ ಪ್ರಶ್ನೆಗೆ ಅಂಕವೇ ಬೇಡ ಅಂತ ಹೊಂದಿಸಿ. ಅಂಕ ತೆಗೆದರೆ ಮಕ್ಕಳು ಆಸಕ್ತಿ ಕಳೆದುಕೊಳ್ಳುತ್ತಾರೆ ಅಂತ ಹೆದರಿದ್ದೆ. ಮೊದಲ ಎರಡು ಸಲ ಗೊಣಗಿದರು, ಅಷ್ಟೆ.

ಎರಡನೇ ಲಕ್ಷಣ: ಮೇಲಿನ ಮೂರು ಹೆಸರು ಸದಾ ಅವೇ, ನಾಲ್ಕನೇ ಪ್ರಶ್ನೆಯ ಹೊತ್ತಿಗೆ ಹಿಂದಿನ ಬೆಂಚು ಕೈಬಿಟ್ಟಿರುತ್ತದೆ. ಪ್ರತಿ ಪ್ರಶ್ನೆಯ ನಂತರ ಅಂಕಪಟ್ಟಿ ತೋರಿಸಿದರೆ 31ನೇ ಸ್ಥಾನದಲ್ಲಿರುವ ಮಗುವಿಗೆ ಮುಂದೆ ಆಡಲು ಏನು ಕಾರಣ ಉಳಿಯುತ್ತದೆ? ಪಟ್ಟಿ ಮುಚ್ಚಿ. ಅಥವಾ ತಂಡ ಮಾಡಿ. ಇದರ ಜೊತೆಗೆ ಒಮ್ಮೆ ನೀವೇ ಹೋಗಿ ಕೊನೆಯ ಬೆಂಚಿನಲ್ಲಿ ಕೂತು ಪರದೆ ನೋಡಿ. ಕೆಲವು ಹೊಂದಿಕೆಗಳಲ್ಲಿ ಪ್ರಶ್ನೆ ದೊಡ್ಡ ಪರದೆ ಮೇಲೆ ಮಾತ್ರ ಬರುತ್ತದೆ, ಫೋನಿನಲ್ಲಿ ಬರೀ ಬಣ್ಣದ ಗುಂಡಿಗಳು. ಓದಲಾಗದವರು ಗುಂಡಿ ಒತ್ತಿ ಕೂರುತ್ತಾರೆ. ಪ್ರಶ್ನೆಯನ್ನು ಫೋನಿನಲ್ಲೂ ತೋರಿಸುವ ಆಯ್ಕೆ ಇದೆ, ಆನ್ ಮಾಡಿ.

ಚೇಷ್ಟೆಯ ಹೆಸರುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೆಸರನ್ನು ಆಟವೇ ಕೊಡುವಂತೆ ಹೊಂದಿಸಿ, ಎಲ್ಲರೂ ಬಂದ ಮೇಲೆ ಆಟಕ್ಕೆ ಬೀಗ ಹಾಕಿ. ಆಯಿತು.

ಇನ್ನು ನಿಜವಾದ ಪತ್ತೆದಾರಿ ಕೆಲಸ. ಉತ್ತರ ಬಂದ ಮೇಲೆ, ಯಾವ ಆಯ್ಕೆಗೆ ಎಷ್ಟು ಜನ ಒತ್ತಿದರು ಅಂತ ತೋರಿಸುವ ನಾಲ್ಕು ಕಂಬ ಪರದೆ ಮೇಲೆ ಏಳುತ್ತವಲ್ಲ, ಅದನ್ನು ನಾವು ಒಂದು ಕ್ಷಣ ನೋಡಿ ಮುಂದಿನ ಪ್ರಶ್ನೆಗೆ ಹಾರುತ್ತೇವೆ. ಡಾಕ್ಟರು ಎಕ್ಸ್‌ರೇ ತೆಗೆಸಿ, ನೋಡದೆ ಪಕ್ಕಕ್ಕಿಟ್ಟಂತೆ.

ನಾಲ್ಕೂ ಕಂಬ ಹೆಚ್ಚುಕಡಿಮೆ ಒಂದೇ ಎತ್ತರ ಇದ್ದರೆ ತರಗತಿ ಊಹೆ ಮಾಡಿದೆ. ಪಾಠ ತಲುಪಿಲ್ಲ, ಇಲ್ಲವೇ ಪ್ರಶ್ನೆಯೇ ಅರ್ಥವಾಗಿಲ್ಲ. "ಪ್ರಶ್ನೆ ಏನು ಕೇಳ್ತಿದೆ, ನಿಮ್ಮ ಮಾತಲ್ಲಿ ಹೇಳಿ" ಅಂದರೆ ಎರಡರಲ್ಲಿ ಯಾವುದು ಅಂತ ಗೊತ್ತಾಗುತ್ತದೆ. ಒಂದು ತಪ್ಪುತ್ತರದ ಕಂಬ ಎಲ್ಲಕ್ಕಿಂತ ಎತ್ತರ ಇದ್ದರೆ ಮೊದಲು ನಿಮ್ಮ ಉತ್ತರದ ಗುರುತು ಸರಿ ಇದೆಯಾ ನೋಡಿ. ಆತುರದಲ್ಲಿ ತಪ್ಪು ಆಯ್ಕೆಗೆ ಟಿಕ್ ಹಾಕಿರುವುದುಂಟು. ಗುರುತು ಸರಿ ಇದ್ದರೆ ನಿಮಗೆ ಒಳ್ಳೆಯ ಬೇಟೆ ಸಿಕ್ಕಿತು: ತರಗತಿಯಲ್ಲಿ ಒಂದು ಗಟ್ಟಿ ತಪ್ಪು ತಿಳಿವಳಿಕೆ ಕೂತಿದೆ.

ಸರಿಯುತ್ತರದ ಕಂಬ ಮಧ್ಯಮ ಎತ್ತರ ಇದ್ದಾಗ ಲೆಕ್ಕ ಸ್ವಲ್ಪ ಮೋಸ ಮಾಡುತ್ತದೆ. 40ರಲ್ಲಿ 16 ಜನ ಸರಿ ಒತ್ತಿದರು ಅನ್ನಿ. 16 ಜನಕ್ಕೆ ಗೊತ್ತು ಅಂದುಕೊಳ್ಳುತ್ತೇವೆ. ಆದರೆ ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಒತ್ತಿದರೂ ನಾಲ್ಕರಲ್ಲೊಬ್ಬರಿಗೆ ಸರಿ ಸಿಗುತ್ತದೆ. ನಿಜವಾಗಿ ಗೊತ್ತಿರುವವರು 8 ಇದ್ದು, ಉಳಿದ 32 ಜನ ಊಹಿಸಿದರೂ ಅವರಲ್ಲಿ 8 ಜನ ಸರಿಯಾಗಿರುತ್ತಾರೆ. ಒಟ್ಟು ಅದೇ 16.

ಇಂಥ ಮಧ್ಯಮ ಕಂಬಕ್ಕೆ ಔಷಧಿ ಹಳೆಯದು. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಎರಿಕ್ ಮಜೂರ್ 1990ರ ದಶಕದಲ್ಲಿ ಇದನ್ನು ರೂಢಿಗೆ ತಂದರು. ಪ್ರಶ್ನೆ ಕೇಳಿ, ಎಲ್ಲರೂ ಒಬ್ಬೊಬ್ಬರೇ ಉತ್ತರಿಸಲಿ. ಕಂಬ ತೋರಿಸಬೇಡಿ, ಸರಿಯುತ್ತರವನ್ನೂ ಹೇಳಬೇಡಿ. ಸುಮಾರು 30ರಿಂದ 70 ಪ್ರತಿಶತ ಸರಿ ಬಂದಿದ್ದರೆ "ಪಕ್ಕದವರನ್ನು ಒಪ್ಪಿಸಿ" ಅನ್ನಿ. ಎರಡು ನಿಮಿಷ ಬಿಟ್ಟು ಅದೇ ಪ್ರಶ್ನೆಗೆ ಮತ್ತೆ ಮತ ಹಾಕಿಸಿ. ಅದಕ್ಕಿಂತ ಕಡಿಮೆ ಬಂದರೆ ಮಾತಾಡಿಸಿ ಪ್ರಯೋಜನವಿಲ್ಲ, ಮತ್ತೆ ಪಾಠ ಮಾಡಬೇಕು. ಜಾಸ್ತಿ ಬಂದರೆ ಚುಟುಕಾಗಿ ವಿವರಿಸಿ ಮುಂದೆ ಹೋಗಿ. ಮೆಂಟಿಮೀಟರ್‌ನಂಥ ಮತ ಹಾಕಿಸುವ ಸಾಧನಗಳಲ್ಲಿ ಫಲಿತಾಂಶ ಮುಚ್ಚಿಡುವ ಆಯ್ಕೆ ಇದೆ. ಅದನ್ನು ಹಾಕದಿದ್ದರೆ ಬೆಳೆಯುತ್ತಿರುವ ಕಂಬವನ್ನು ನೋಡಿ ಉಳಿದವರೂ ಅದಕ್ಕೇ ಒತ್ತುತ್ತಾರೆ. ಆಗ ನೀವು ಅಳೆದದ್ದು ತಿಳಿವಳಿಕೆಯನ್ನಲ್ಲ, ಕುರಿಮಂದೆಯನ್ನು.

"ಯಾಕೆ ಹಾಗೆ ಒತ್ತಿದಿರಿ?" ಅಂತ ಕೇಳಿದ ಮೇಲೆ ಬಾಯಿ ಮುಚ್ಚಿಕೊಳ್ಳುವುದು ನನಗೆ ಇವತ್ತಿಗೂ ಕಷ್ಟ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೂರು ಸೆಕೆಂಡು ಏನು ಮಹಾ ಅನ್ನಿಸುತ್ತದೆ. ತರಗತಿಯ ಮುಂದೆ ನಿಂತು ಎಣಿಸಿ ನೋಡಿ.

ಕೊನೆಯ ದೋಷ ನನ್ನದೇ ಪ್ರಶ್ನೆಯದು. ಕಂಬ ಪೂರ್ತಿ ಸರಿಯುತ್ತರದ ಮೇಲಿತ್ತು, ಅದಕ್ಕೇ ಬಹಳ ದಿನ ಕಣ್ಣಿಗೆ ಬೀಳಲಿಲ್ಲ. ಪ್ರಶ್ನೆ: ಇವುಗಳಲ್ಲಿ ದೊಡ್ಡದು ಯಾವುದು, 0.5, 0.45, 0.125? ತರಗತಿಯ ಹೆಚ್ಚಿನವರು 0.5 ಒತ್ತಿದರು. ಖುಷಿಯಾಗಿ ದಶಮಾಂಶ ಮುಗಿಯಿತು ಅಂತ ಬರೆದುಕೊಂಡೆ. ಒಂದು ವಾರದ ನಂತರ ಒಬ್ಬ ಹುಡುಗ 0.3 ಅನ್ನು 0.72ಕ್ಕಿಂತ ದೊಡ್ಡದು ಅಂದ. ಯಾಕಪ್ಪಾ ಅಂದರೆ, "ಮಿಸ್, ಚುಕ್ಕಿ ಆದ್ಮೇಲೆ ಅಂಕಿ ಜಾಸ್ತಿ ಇದ್ರೆ ತುಂಡು ಸಣ್ಣದು ಅಲ್ವಾ?" ಅವನ ಲೆಕ್ಕದಲ್ಲಿ ನೂರನೇ ಭಾಗ ಹತ್ತನೇ ಭಾಗಕ್ಕಿಂತ ಸಣ್ಣದು. ಅಷ್ಟು ಸರಿಯೇ. ಅಂಥ ತುಂಡು ಎಷ್ಟಿದೆ ಅನ್ನುವುದನ್ನು ಮಾತ್ರ ಮರೆತಿದ್ದ. ನನ್ನ ಪ್ರಶ್ನೆಯಲ್ಲಿ ಕಡಿಮೆ ಅಂಕಿ ಇದ್ದದ್ದೇ ದೊಡ್ಡ ಸಂಖ್ಯೆಯಾಗಿತ್ತು. ತಪ್ಪು ದಾರಿಯಲ್ಲಿ ಬಂದವನಿಗೂ ನಾನೇ ಬಾಗಿಲು ತೆರೆದಿಟ್ಟಿದ್ದೆ.

ಆಯ್ಕೆಗಳನ್ನು 0.4, 0.62, 0.125 ಅಂತ ಬದಲಿಸಿದೆ. ಈಗ ಅಂಕಿ ಜಾಸ್ತಿ ಇದ್ದದ್ದೇ ದೊಡ್ಡದು ಅನ್ನುವವರು 0.125 ಒತ್ತುತ್ತಾರೆ, ಅಂಕಿ ಕಡಿಮೆ ಇದ್ದದ್ದೇ ದೊಡ್ಡದು ಅನ್ನುವವರು 0.4, ಸರಿಯಾಗಿ ತಿಳಿದವರು 0.62. ಮೂರು ಕಂಬ ಎದ್ದವು. ಯಾವ ಮಗು ಎಲ್ಲಿ ಎಡವಿದೆ ಅಂತ ಕಂಬವೇ ಹೇಳಿತು. ಈಗ ಪ್ರತಿ ತಪ್ಪು ಆಯ್ಕೆಯ ಪಕ್ಕದಲ್ಲಿ, ನನ್ನ ನೋಟ್‌ಬುಕ್ಕಿನಲ್ಲಿ, "ಇದನ್ನು ಯಾರು ಯಾಕೆ ಒತ್ತುತ್ತಾರೆ" ಅಂತ ಒಂದು ಸಾಲು ಬರೆಯುತ್ತೇನೆ. ಬರೆಯಲು ಏನೂ ತೋಚದಿದ್ದರೆ ಆ ಆಯ್ಕೆ ಸುಮ್ನೆ ಜಾಗ ತುಂಬಲು ಬಂದದ್ದು, ತೆಗೆದುಹಾಕುತ್ತೇನೆ. ಮೂರೇ ಆಯ್ಕೆ ಉಳಿದರೂ ಚಿಂತೆಯಿಲ್ಲ.

ಆ ಪ್ರಶ್ನೆಯನ್ನು ಎರಡನೇ ಸಲ ಕೇಳುವ ದಿನ ನೆಟ್ ಪೂರ್ತಿ ಹೋಗಿತ್ತು. ಬೋರ್ಡಿನ ಮೇಲೆ 0.4, 0.62, 0.125 ಅಂತ ಅದೇ ಸಾಲಿನಲ್ಲಿ ಬರೆದು ಕಣ್ಣು ಮುಚ್ಚಿಸಿದೆ. ಒಂದು, ಎರಡು, ಮೂರು ಬೆರಳನ್ನು ಎದೆಯ ಹತ್ತಿರ ಹಿಡಿಯಿರಿ, ಪಕ್ಕದವರಿಗೆ ಕಾಣಬಾರದು ಅಂದೆ. ಎಣಿಸಲು ಅರ್ಧ ನಿಮಿಷ ಹಿಡಿಯಿತು. ಇನ್ನೂ ಐದು ಜನ ಒಂದು ಬೆರಳು ಹಿಡಿದಿದ್ದರು.